ಬಣ್ಣ ಬದಲಿಸದ ಹನಿಗಳು

ದೆಹಲಿಯ ಜನವರಿ ಮಂಜು ಪ್ರಯೋಗಾಲಯದ ಕಿಟಕಿಯನ್ನು ಮುಚ್ಚಿಬಿಟ್ಟಿತ್ತು. ಧಾರಿಣಿ ಗಾಜಿನ ತಟ್ಟೆಯ ಮೇಲೆ ಬಗ್ಗಿ ನಿಂತಿದ್ದಳು. ಅದರಲ್ಲಿ ನುಣ್ಣನೆಯ ಪುಡಿ ಹೊದ್ದ ದ್ರಾವಣದ ಹನಿಗಳು ಗೋಲಿಗಳಂತೆ ಒಂದಕ್ಕೊಂದು ತಾಗಿ ಕುಳಿತಿದ್ದವು. ಒಳಗಿನ ರಾಸಾಯನಿಕ ಕ್ರಿಯೆಯಿಂದ ಅವು ಕೆಂಪಿನಿಂದ ನೀಲಿಗೆ, ನೀಲಿಯಿಂದ ಮತ್ತೆ ಕೆಂಪಿಗೆ ತಿರುಗುತ್ತಿರಬೇಕು; ಒಂದರ ನೀಲಿ ಪಕ್ಕದ್ದಕ್ಕೂ ದಾಟಬೇಕು. ಅವಳ ಪಿಎಚ್‌ಡಿ ನಿಂತಿದ್ದದ್ದೇ ಇದರ ಮೇಲೆ. ಇವತ್ತು ಎಲ್ಲವೂ ಕೆಂಪಾಗಿಯೇ ಇದ್ದವು. ಇದನ್ನು ನೋಡಲೆಂದೇ ಬಂದಿದ್ದ ಪರೀಕ್ಷಕಿ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.

“ನಿನ್ನೆಯ ವಿಡಿಯೋ ಇದೆಯಲ್ಲ ಅಕ್ಕಾ, ಅದನ್ನೇ ತೋರಿಸಿಬಿಡಿ,” ಎಂದಳು ಕಿರಿಯ ಸಂಶೋಧಕಿ ಹಂಸಿನಿ.

“ಅವರು ಕಣ್ಣಾರೆ ನೋಡ್ಬೇಕು ಅಂತ ಬಂದಿದ್ದಾರೆ ಕಣೆ. ನಿನ್ನೆ ಆಗಿದ್ದು ಇವತ್ತು ಆಗ್ಲಿಲ್ಲ ಅಂದ್ರೆ ನನ್ನನ್ನ ಯಾರು ನಂಬ್ತಾರೆ?”

ಧಾರಿಣಿ ತಟ್ಟೆಯನ್ನೇ ದಿಟ್ಟಿಸಿದಳು. ದ್ರಾವಣ ಬೆರೆಸುವಾಗಲೇ ತಪ್ಪಿದೆನೇ? ತಟ್ಟೆ ಸರಿಸಲು ಹೋದರೆ ಬೆರಳುಗಳು ಮರಗಟ್ಟಿದ್ದವು. ಆಗ ಹೊಳೆಯಿತು: ನಿನ್ನೆ ಕೋಣೆಯ ಹೀಟರ್ ಉರಿಯುತ್ತಿತ್ತು, ಇವತ್ತು ಅದು ಕೆಟ್ಟಿದೆ. ಚಳಿಗೆ ಕ್ರಿಯೆ ನಿಧಾನವಾಗಿರಬೇಕು.

“ಹಂಸಿನಿ, ಬೆಚ್ಚಗಿನ ನೀರು ತಾ, ಬೇಗ!”

ಹಂಸಿನಿ ತಂದ ನೀರಿನ ಬೋಗುಣಿಯ ಮೇಲೆ ತಟ್ಟೆಯನ್ನು ಇಳಿಸುವಾಗ ಅದು ವಾಲಿ ಒಂದು ಹನಿ ಒಡೆದು ಹರಿಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಮೇಡಂ, ಇನ್ನೂ ಶುರುವಾಗಿಲ್ಲ,” ಎಂದು ಧಾರಿಣಿ ಹಿಂದಿಯಲ್ಲಿ ಒಪ್ಪಿಕೊಂಡಳು.

ಪರೀಕ್ಷಕಿ ಸ್ಟೂಲ್ ಎಳೆದು ಕುಳಿತರು.

ಬಹಳ ಹೊತ್ತಿನ ಮೇಲೆ ಅಂಚಿನ ಹನಿಯಲ್ಲಿ ನೀಲಿ ಮೂಡಿತು. ಮೆಲ್ಲಗೆ ಪಕ್ಕದ ಹನಿಗೆ ದಾಟಿತು.

“ಅರೇ, ದೇಖೋ!” ಪರೀಕ್ಷಕಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು.

ಧಾರಿಣಿ ಮೇಜನ್ನು ಹಿಡಿದುಕೊಂಡೇ ನಿಂತಳು. ಅವಳ ಕಣ್ಣು ಆಗಲೇ ಮುಂದಿನ ಹನಿಯ ಮೇಲಿತ್ತು.