ಭಾವ ನಿಲ್ಲಿಸಿದ ಎಣ್ಣೆ

ತರಬೇತಿಗೆಂದು ಎರಡು ತಿಂಗಳು ಬೇರೆ ಊರಿನಲ್ಲಿದ್ದ ತಂಗಿ, ಬಂದ ದಿನವೇ ಅಕ್ಕನ ಮನೆಗೆ ಹೋದಳು. ಬಾಗಿಲು ತೆರೆದ ಅಕ್ಕನ ಗುರುತೇ ಅವಳಿಗೆ ಸಿಗಲಿಲ್ಲ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಕೈಗಡಿಯಾರದ ಪಟ್ಟಿ ಮೊಣಕೈವರೆಗೆ ಜಾರುತ್ತಿತ್ತು. ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ನಾಲ್ಕನೆಯ ಕೀಮೋಗೆ ಹೋದಾಗ ಡಾಕ್ಟರು, "ಹನ್ನೊಂದು ಕೆಜಿ ಇಳಿದಿದ್ದೀರಿ, ಈಗ ಕೊಟ್ಟರೆ ನೀವು ತಡ್ಕೊಳ್ಳಲ್ಲ" ಎಂದು ವಾಪಸ್ ಕಳಿಸಿದ್ದರಂತೆ.

ತಂಗಿ ಅಡುಗೆಮನೆಗೆ ನುಗ್ಗಿದಳು. ಎಣ್ಣೆ ಇಲ್ಲ. ಫ್ರಿಜ್‌ನಲ್ಲಿ ಬೆಣ್ಣೆ, ಹಾಲು, ಮೊಟ್ಟೆ ಒಂದೂ ಇಲ್ಲ. ಒಲೆಯ ಮೇಲೆ ನೀರಿನಲ್ಲಿ ಬೇಯಿಸಿದ ಎಲೆಕೋಸು.

"ಏನು ಭಾವ ಇದು?"

"ಕ್ಯಾನ್ಸರಿಗೆ ಕೊಬ್ಬೇ ಆಹಾರ, ಅದನ್ನ ನಿಲ್ಲಿಸಿದೀನಿ" ಎಂದ ಭಾವ. ಅವನು ಲಿಫ್ಟ್ ರಿಪೇರಿ ಮಾಡುವವನು. "ಕರೆಂಟ್ ತೆಗೆದ್ರೆ ಲಿಫ್ಟ್ ನಿಲ್ಲುತ್ತಲ್ಲ, ಹಾಗೆ."

"ಯಾವ ತಲೆಕೆಟ್ಟವನು ಹೇಳಿದ್ದು ನಿಮಗೆ?"

ಭಾವ ಫೋನಿನಲ್ಲೊಂದು ವಿಡಿಯೋ ಹಾಕಿ ಮುಂದೆ ಹಿಡಿದ. ಪರದೆಯ ಮೇಲೆ ಅವಳು ಕೆಲಸ ಮಾಡುವ ಕ್ಯಾನ್ಸರ್ ಪ್ರಯೋಗಾಲಯದ ಮುಖ್ಯಸ್ಥರು ನಗುತ್ತಿದ್ದರು. "ಕ್ಯಾನ್ಸರ್ ಬದುಕೋದೇ ಕೊಬ್ಬಿನ ಮೇಲೆ. ಕೊಬ್ಬು ಸಿಗದ ಹಾಗೆ ಮಾಡಿ, ಅದು ಹಸಿದು ಸಾಯುತ್ತೆ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷದಿಂದ ಅವರ ಪ್ರಯೋಗಗಳಿಗಾಗಿ ಕ್ಯಾನ್ಸರ್ ಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಸಾಕುತ್ತಿದ್ದವಳು ಅವಳೇ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವೆಂದು ಅವಳಿಗೆ ಗೊತ್ತಿತ್ತು, ಮುಖ್ಯಸ್ಥರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟದೆ ಅವರ ಕೋಣೆಗೆ ಹೋದಳು.

"ಸರ್, ನಾವಿಲ್ಲಿ ಪರೀಕ್ಷಿಸ್ತಿರೋ ಔಷಧಿ ತಡೆಯೋದು ಕೋಶದೊಳಗೆ ಕೊಬ್ಬು ಬಳಕೆಯಾಗೋದನ್ನ. ಊಟದ ಎಣ್ಣೆಗೂ ಅದಕ್ಕೂ ಏನು ಸಂಬಂಧ? ಕೊಬ್ಬು ಕೊಡದೇ ಇದ್ರೂ ಕೋಶಗಳು ಸಕ್ಕರೆಯಿಂದ ತಾವೇ ಮಾಡ್ಕೊಳ್ತವೆ. ನಾನೇ ದಿನಾ ನೋಡ್ತೀನಿ."

"ಜನಕ್ಕೆ ಸರಳವಾಗಿ ಹೇಳ್ಬೇಕಲ್ಲಮ್ಮ."

"ಆ ಸರಳ ಮಾತು ನಂಬಿ ನಮ್ಮ ಭಾವ ಎಣ್ಣೆ ನಿಲ್ಲಿಸಿದ್ರು, ನಮ್ಮಕ್ಕ ಸವೆದುಹೋದಳು!"

"ಊಟ ಬಿಡಿ ಅಂತ ನಾನೆಲ್ಲಿ ಹೇಳಿದೆ?" ಎಂದು ಅವರು ಕಂಪ್ಯೂಟರ್ ಕಡೆ ತಿರುಗಿದರು. "ಈಗ ತಪ್ಪು ಅಂತ ಹೇಳಿದ್ರೆ ಔಷಧಿಯ ಮೇಲೇ ಜನಕ್ಕೆ ನಂಬಿಕೆ ಹೋಗುತ್ತೆ. ನಿನ್ನ ಭಾವನಿಗೆ ನೀನೇ ತಿಳಿಸಿ ಹೇಳು."

ಅವಳು ಹಲ್ಲು ಕಚ್ಚಿಕೊಂಡು ಹೊರಬಂದಳು. ಬಾಯಿಮಾತಿಗೆ ಭಾವ ಬಗ್ಗುವವನಲ್ಲ. ಮಧ್ಯಾಹ್ನ ಅವನನ್ನೇ ಪ್ರಯೋಗಾಲಯಕ್ಕೆ ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಜೊತೆಯವರು ಬೆಳೆಸಿದ್ದ ಕೋಶಗಳ, ಕೊಬ್ಬಿಗೆ ಹತ್ತುವ ಕೆಂಪು ಬಣ್ಣ ಹಾಕಿದ ಎರಡು ತಟ್ಟೆಗಳಿದ್ದವು.

"ಇದಕ್ಕೆ ಕೊಬ್ಬು ಕೊಟ್ಟಿದ್ದಾರೆ. ಅದಕ್ಕೆ ಕೊಟ್ಟಿಲ್ಲ."

ಭಾವ ಒಂದು ಕಣ್ಣು ಮುಚ್ಚಿ ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ, ಮತ್ತೆ ಮೊದಲನೆಯದಕ್ಕೆ ಹೋದ. "ಕೊಡದೇ ಇರೋದ್ರಲ್ಲೂ ಕೆಂಪು ಮಣಿ ಇವೆ. ಸ್ವಲ್ಪ ಕಮ್ಮಿ, ಅಷ್ಟೇ."

"ಆ ಮಣಿಗಳೇ ಕೊಬ್ಬು, ಕೋಶಗಳೇ ಮಾಡ್ಕೊಂಡಿದ್ದು. ಸಾಲದ್ದಕ್ಕೆ ಅಕ್ಕನ ಹೊಟ್ಟೆಯೊಳಗಿನ ಕೊಬ್ಬಿನಿಂದಲೂ ಕ್ಯಾನ್ಸರ್ ಎಳ್ಕೊಳ್ಳುತ್ತೆ. ನೀವು ಉಪವಾಸ ಹಾಕಿದ್ದು ಅಕ್ಕನಿಗೆ ಭಾವ, ಕ್ಯಾನ್ಸರಿಗಲ್ಲ."

ಭಾವನ ಮುಖ ಕಪ್ಪಿಟ್ಟಿತು. ಎದ್ದವನೇ, "ಯಾವುದು ಅವರ ರೂಮು?" ಎಂದ. ತಡೆಯಬೇಕೆಂದು ಅವಳಿಗೆ ಅನಿಸಲಿಲ್ಲ. ತಾನೇ ಮುಂದೆ ನಡೆದು ತೋರಿಸಿದಳು.

"ನಿಮ್ಮ ಮಾತು ನಂಬಿ ನನ್ನ ಹೆಂಡತೀನ ಎರಡು ತಿಂಗಳು ಹಸಿವಿನಲ್ಲಿಟ್ಟೆ" ಎಂದು ಭಾವ ಮೇಜಿನ ಮೇಲೆ ಎರಡೂ ಕೈ ಊರಿ ನಿಂತ. "ಲಿಫ್ಟ್ ಕೆಟ್ಟಿದ್ರೆ ನಾನು ಬಾಗಿಲಿಗೆ ಬೋರ್ಡ್ ಹಾಕ್ತೀನಿ ಸರ್. ನೀವೂ ಹಾಕಿ. ಹಾಕೋವರೆಗೂ ನಾನಿಲ್ಲಿಂದ ಕದಲಲ್ಲ."

ಗಲಾಟೆ ಕೇಳಿ ಪಕ್ಕದ ಕೋಣೆಗಳವರು ಬಾಗಿಲಲ್ಲಿ ಸೇರಿದರು. ಅಷ್ಟು ಕಣ್ಣುಗಳ ಮುಂದೆ ಮುಖ್ಯಸ್ಥರು ಫೋನ್ ತೆಗೆದು, ಕೊಬ್ಬು ಬಿಟ್ಟರೆ ಕ್ಯಾನ್ಸರ್ ಸಾಯುವುದಿಲ್ಲ, ಡಾಕ್ಟರನ್ನು ಕೇಳದೆ ಊಟ ಬದಲಿಸಬೇಡಿ ಎಂದು ಹೊಸ ವಿಡಿಯೋ ಮಾಡಿ ಸಂಸ್ಥೆಯ ಪುಟಕ್ಕೆ ಹಾಕಿದರು. ಹಳೆಯ ವಿಡಿಯೋವನ್ನು ಲಕ್ಷಾಂತರ ಜನ ನೋಡಿದ್ದರು. ಇದನ್ನು ಒಂದು ವಾರದಲ್ಲಿ ನೋಡಿದವರು ನೂರು ಚಿಲ್ಲರೆ.

ಆಸ್ಪತ್ರೆಯ ಆಹಾರತಜ್ಞೆ ಬರೆದುಕೊಟ್ಟಂತೆ ಅಕ್ಕನ ಊಟ ಮತ್ತೆ ಶುರುವಾಯಿತು. ಐದು ವಾರಕ್ಕೆ ನಾಲ್ಕು ಕೆಜಿ ಏರಿದ ಮೇಲೆ ಡಾಕ್ಟರು ಕೀಮೋ ಕೊಟ್ಟರು. ಆದರೆ ಅಷ್ಟರಲ್ಲಿ ಗಡ್ಡೆ ತುಸು ಬೆಳೆದಿತ್ತು. ತಡವಾಗಿದ್ದರಿಂದಲೇ ಬೆಳೆಯಿತೇ ಎಂದು ಕೇಳಿದರೆ, ಖಚಿತವಾಗಿ ಹೇಳಲಾಗದು ಎಂದರು.

ಕೀಮೋ ಕೊಡುವ ಕೋಣೆಯ ಹೊರಗೆ ಭಾವ ತಂಗಿಯ ಮುಂದೆ ಗೋಳು ತೋಡಿಕೊಂಡ. "ಅವಳ ಒಳ್ಳೇದಕ್ಕೇ ಮಾಡಿದೆ ಅಲ್ವಾ?" ಬಾಗಿಲು ತೆರೆದೇ ಇತ್ತು. ಅಕ್ಕ ಒಳಗಿಂದ ಕೇಳಿಸಿಕೊಂಡಳು.

"ಹಸಿವಾಗ್ತಿದೆ ಅಂತ ದಿನಾ ಹೇಳಿದೆ" ಎಂದಳು. ದನಿ ಏರಿಸಲಿಲ್ಲ; ಆದರೆ ತಂಗಿ ಅವಳಿಂದ ಅಂಥ ದನಿಯನ್ನು ಎಂದೂ ಕೇಳಿರಲಿಲ್ಲ. "ನೀವು ಫೋನ್ ನೋಡಿದಿರಿ. ಇವಳು ಗಾಜಿನ ತಟ್ಟೆ ನೋಡಿದಳು. ನನ್ನ ಮಾತನ್ನ ಯಾರು ಕಿವಿಗೆ ಹಾಕ್ಕೊಂಡ್ರಿ?"

ನರ್ಸು ಬಂದು ಬಾಗಿಲು ಮುಚ್ಚಿದಳು.