ಅಕ್ಕನ ಹೆಸರಿನ ಕೆಲಸ

ಜೂನ್ ತಿಂಗಳ ಮೊದಲ ಬೂತಾಯಿ ಮೀನು ದುವಾರ್ನೆನೇ ಎಂಬ ಕಡಲೂರಿನ ದಕ್ಕೆಗೆ ಬಂದದ್ದು ಇನ್ನೂ ಬೆಳಕು ಹರಿಯುತ್ತಿದ್ದ ಹೊತ್ತಿಗೆ. ಕಾರ್ಖಾನೆಯ ಹೆಂಗಸೊಬ್ಬಳು "ಮೀನು ಬಂತು, ಏಳ್ರವ್ವಾ!" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಹೋದಳು. ಮಾರ್ಜನ್ ಎದ್ದು ಪಕ್ಕದಲ್ಲಿ ಮಲಗಿದ್ದ ಮಗಳನ್ನು ಅಲುಗಿಸಿದಳು.

"ಏಳು, ಕತೆಲ್."

ಮಗಳು ಏಳಲಿಲ್ಲ. ಏಕೆಂದರೆ ಅವಳ ಹೆಸರು ಲೆನಾ. ವಯಸ್ಸು ಹತ್ತು. ಕತೆಲ್ ಅವಳ ಅಕ್ಕ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಗಂಟಲುಮಾರಿ ಬಂದು ತೀರಿಕೊಂಡಿದ್ದಳು. ಕತೆಲಳಿಗೆ ಹದಿಮೂರು ತುಂಬಿ, ಪುರಸಭೆಯವರು ಕೆಲಸದ ಪುಸ್ತಕ ಕೊಟ್ಟು ಆಗ ಎರಡು ತಿಂಗಳೂ ಆಗಿರಲಿಲ್ಲ. ಆ ಪುಸ್ತಕವಿಲ್ಲದ ಮಕ್ಕಳನ್ನು ಮೀನಿನ ಡಬ್ಬಿ ಕಾರ್ಖಾನೆಯೊಳಗೆ ಬಿಡುವಂತಿರಲಿಲ್ಲ.

ಮಾರ್ಜನಳ ಗಂಡನನ್ನು ಮೂರು ವರ್ಷದ ಹಿಂದೆಯೇ ಕಡಲು ಕರೆದುಕೊಂಡಿತ್ತು. ಒಬ್ಬಳ ದುಡಿಮೆಯಲ್ಲಿ ಎರಡು ಹೊಟ್ಟೆ ತುಂಬುವುದಿಲ್ಲ. ಲೆನಾ ಕೆಲಸಕ್ಕೆ ಬರದಿದ್ದರೆ ಒಳನಾಡಿಗೆ, ದನ ಕಾಯಲು ಕಳಿಸಬೇಕಾಗಿತ್ತು. ಉಳಿದದ್ದು ಒಂದೇ ಮಗು. ಅದು ಕಣ್ಣೆದುರು ಇರಲಿ ಎಂಬುದೊಂದೇ ಮಾರ್ಜನಳ ಆಸೆ. ಅದಕ್ಕೇ ಸತ್ತವಳ ಪುಸ್ತಕವನ್ನು ಬದುಕಿದ್ದವಳ ಕೈಗಿಟ್ಟಳು. ಅಕ್ಕನ ಬಿಳಿ ಕುಲಾವಿಯನ್ನು ಎರಡು ಕಡೆ ಮಡಿಸಿ, ಹೊಲಿದು, ತಲೆಗಿಟ್ಟಳು.

ಕಾರ್ಖಾನೆಯ ಬಾಗಿಲಲ್ಲಿ ಮೇಸ್ತ್ರಮ್ಮ ಪುಸ್ತಕ ನೋಡಿದಳು, ಮಗುವನ್ನು ನೋಡಿದಳು.

"ಇದಕ್ಕೆ ಹದಿಮೂರಾ? ನಮ್ಮನೆ ಬೆಕ್ಕು ಇದಕ್ಕಿಂತ ದಪ್ಪಗದೆ."

"ಜ್ವರ ಬಂದು ಇಳಿದೋಗವ್ಳೆ, ಮೇಸ್ತ್ರಮ್ಮ."

ಹಿಂದಿನಿಂದ ಪೆರಿನಾ ಅಜ್ಜಿ, ಐವತ್ತು ವರ್ಷ ಮೀನು ಕೊಯ್ದವಳು, ಬಾಯಿ ಹಾಕಿದಳು: "ಉಪ್ಪುನೀರಲ್ಲಿ ನೆನೆದ ಹೆಣ್ಣು ಬೆಳೆಯಕ್ಕಿಲ್ಲ ಕಣವ್ವಾ, ಸುಕ್ಕೋದೇ. ನನ್ನೇ ನೋಡು!"

ಹೆಂಗಸರೆಲ್ಲ ನಕ್ಕರು. ಕತೆಲಳ ಮಣ್ಣಿಗೆ ಮೇಸ್ತ್ರಮ್ಮನೂ ಬಂದಿದ್ದಳು. ಆದರೆ ಆ ಬಾಗಿಲಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ಚಿಕ್ಕವರಿದ್ದಾಗ ಇನ್ನೊಬ್ಬರ ಪುಸ್ತಕ ಹಿಡಿದು ಬಂದವರೇ. ಯಾರು ಯಾರನ್ನು ಕೇಳಬೇಕು?

ಲೆನಾ ಬೇಗ ಕಲಿತಳು. ಕಿವಿರಿನ ಹಿಂದೆ ಚಾಕು ಇಟ್ಟು ಒಂದೇ ಎಳೆತಕ್ಕೆ ತಲೆಯೂ ಕರುಳೂ ಬರಬೇಕು. ಬೆರಳು ಕೊಯ್ದುಕೊಂಡಾಗ ಉಪ್ಪು ಇಳಿದು ಕಣ್ಣಲ್ಲಿ ನೀರು ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಕಷ್ಟವಾದದ್ದು ಹೆಸರೇ. "ಕತೆಲ್" ಎಂದರೆ ತಿರುಗುತ್ತಿರಲಿಲ್ಲ. ಮಾರ್ಜನ್ ಮನೆಯಲ್ಲೂ ಅದೇ ಹೆಸರಿನಿಂದ ಕರೆದು, ತಿರುಗದಿದ್ದರೆ ತೋಳು ಚಿವುಟಿ, ಹುಟ್ಟಿದ ದಿನವನ್ನು ಜಪದಂತೆ ಹೇಳಿಸಿ ರೂಢಿ ಮಾಡಿಸಿದಳು. ಆಗಸ್ಟ್ ಹೊತ್ತಿಗೆ ಮಗು ಕರೆದ ಕೂಡಲೇ ತಿರುಗತೊಡಗಿತು. ಮಾರ್ಜನಳಿಗೆ ನಿರಾಳವಾಯಿತು.

ಸೆಪ್ಟೆಂಬರಿನಲ್ಲಿ ಸರ್ಕಾರದ ಇನ್ಸ್‌ಪೆಕ್ಟರು ಬಂದರು. ಮೀನು ಹೆಚ್ಚಿದ ದಿನವೆಂದು ಕದ್ದು ಒಳಗೆ ಬಿಟ್ಟಿದ್ದ, ಪುಸ್ತಕವಿಲ್ಲದ ನಾಲ್ಕು ಮಕ್ಕಳನ್ನು ಮೇಸ್ತ್ರಮ್ಮ ಖಾಲಿ ಬುಟ್ಟಿಗಳ ಕೆಳಗೆ ತಳ್ಳಿ ಮುಚ್ಚಿದಳು. ಲೆನಾಳಿಗೆ ಪುಸ್ತಕವಿತ್ತು, ನಿಂತೇ ಇದ್ದಳು. ಇನ್ಸ್‌ಪೆಕ್ಟರು ಅವಳ ಎದುರಿಗೇ ಬಂದರು.

"ನಿನ್ನ ಹೆಸರೇನಮ್ಮ?"

"ಕತೆಲ್, ಸ್ವಾಮಿ."

ಹುಟ್ಟಿದ ದಿನ ಕೇಳಿದರು. ತಡವರಿಸದೆ ಹೇಳಿದಳು. ಅವರು ಅವಳ ಪುಟ್ಟ ಕೈಗಳನ್ನೇ ನೋಡುತ್ತಾ, "ಮನೆಯಲ್ಲಿ ಇನ್ನು ಯಾರಿದ್ದಾರೆ? ಅಕ್ಕ, ತಂಗಿ?" ಎಂದರು.

ಇದನ್ನು ಮಾರ್ಜನ್ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದ ತಾಯಿಯ ಚಾಕು ನಿಂತಿತು.

"ತಂಗಿ ಒಬ್ಳಿದ್ಲು, ಸ್ವಾಮಿ," ಎಂದಿತು ಮಗು. "ಲೆನಾ ಅಂತ. ತಪಸ್ಸುಕಾಲದಲ್ಲಿ ಸತ್ತೋದ್ಲು."

ಕೆಲಸ ಮಾಡುತ್ತಾ ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ಶಿಲುಬೆಯ ಗುರುತು ಮಾಡಿಕೊಂಡರು. ಇನ್ಸ್‌ಪೆಕ್ಟರು ಟೋಪಿ ತೆಗೆದು, "ಪಾಪ" ಎಂದು ಮುಂದೆ ಹೋದರು.

ಪೆರಿನಾ ಅಜ್ಜಿ ಪಿಸುಗುಟ್ಟಿದಳು: "ಗೆದ್ದೆ ಕಣೇ ಮಾರ್ಜನ್! ಏನು ಚೂಟಿ ನಿನ್ನ ಮಗಳು!"

"ಬದುಕಿರೋಳ್ನ ನಾನೇ ಹೂತ್ಬಿಟ್ಟೆ, ಅಜ್ಜಿ."

"ಬಿಡ್ತು ಅನ್ನು. ಹಂಗೆಲ್ಲ ಬಾಯಿಬಿಟ್ಟು ಅನ್ನಬಾರದು. ಮೀನು ಕೊಯ್ಯಿ."

ಸಂಜೆ ಮನೆಯ ಏರು ಹತ್ತುವಾಗ ಮಾರ್ಜನ್ ಮುಂದೆ ನಡೆಯುತ್ತಿದ್ದ ಮಗಳನ್ನು "ಲೆನಾ" ಎಂದು ಕರೆದಳು. ತಿರುಗಲಿಲ್ಲ. ಇನ್ನೊಂದು ಸಲ ಕರೆದಳು. ಮೂರನೆಯ ಸಲ ಕೂಗಿದಾಗ ಮಗು ಓಡಿಬಂದು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿಯಿತು.

"ಬೀದೀಲಿ ಹಂಗ್ ಕರೀಬೇಡವ್ವಾ. ಯಾರಾದ್ರೂ ಕೇಳಿಸ್ಕೊಂಡ್ರೆ?"

ಮೀನಿನ ವಾಸನೆಯ ಆ ಕೈಯನ್ನು ಮಾರ್ಜನ್ ಬಹಳ ಹೊತ್ತು ಬಿಡಲಿಲ್ಲ. ಮಾರನೆಯ ದಿನ ಪುಸ್ತಕವನ್ನು ಪುರಸಭೆಗೆ ಹಿಂದಿರುಗಿಸಿ, ಅದು ಯಾರದು, ಅವಳು ಎಂದು ಸತ್ತಳು ಎಂದಷ್ಟೇ ಹೇಳಿದಳು. ಆಮೇಲೆ ಒಳನಾಡಿನ ಅಣ್ಣನಿಗೆ ಹೇಳಿಕಳಿಸಿದಳು. ಅಲ್ಲಿ ದನಗಳಿದ್ದವು. ದನ ಕಾಯಲು ಪುಸ್ತಕ ಬೇಡ, ಇನ್ನೊಬ್ಬರ ಹೆಸರೂ ಬೇಡ.

"ನಾನು ತಪ್ಪು ಹೇಳಿದ್ನಾ?" ಎಂದು ಮಗು ಅತ್ತಿತು. "ಎಲ್ಲಾ ಸರಿಯಾಗೇ ಹೇಳಿದ್ನಲ್ಲವ್ವಾ. ಒಂದೂ ತಪ್ಪಲಿಲ್ಲ."

"ಸರಿಯಾಗೇ ಹೇಳ್ದೆ, ಮಗಾ."

"ಮತ್ಯಾಕೆ ಕಳಿಸ್ತೀಯ?"

ಮಾರ್ಜನ್ ಮಗಳ ಬಟ್ಟೆಯ ಗಂಟಿಗೆ ಒಂದು ಬೆಣ್ಣೆರೊಟ್ಟಿ ಇಟ್ಟು ಕಟ್ಟಿದಳು.

ಲೆನಾ ಸೋದರಮಾವನ ಗಾಡಿ ಹತ್ತಿ ಹೋದದ್ದು ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮಿಕೇಲರ ಹಬ್ಬದ ಮಾರನೆಯ ದಿನ, ಸೋಮವಾರ.