ವಾಷಿಂಗ್ಟನ್ನನ ಗಂಟಲು

ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಇತಿಹಾಸ ಕಲಿಸುವ ಸುವರ್ಣಾ, ಆ ಭಾನುವಾರ ಬೆಳಿಗ್ಗೆ ಹಿಮಾಯತ್‌ನಗರದ ಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ನನ ಪಾಠ ಸಿದ್ಧಮಾಡುತ್ತಿದ್ದಳು. ಹಿಂದಿನ ದಿನದಿಂದ ಗಂಟಲುನೋವೆನ್ನುತ್ತಿದ್ದ ಗಂಡ ವೈಭವ ಎದ್ದು ಬಂದ. ಬಾಯಲ್ಲಿ ಬಿಸಿ ತುತ್ತಿಟ್ಟುಕೊಂಡವನಂತೆ ಮಾತು ಮುದ್ದೆಯಾಗಿತ್ತು. ಕುರ್ಚಿಯ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತ. ಜೊಲ್ಲು ನುಂಗಲಾರದೆ ಟವೆಲಿಗೆ ಒರೆಸಿಕೊಳ್ಳುತ್ತಿದ್ದ.

ಅತ್ತೆ ಶಾರದಾಬಾಯಿ ಶುಂಠಿ ಕಷಾಯ ತಂದರು. "ಥಂಡಿ ಆಗೇತಿ, ಅಷ್ಟ. ಒಂದ್ ಗುಟುಕು ಕುಡಿಯಪಾ."

ಗುಟುಕು ಗಂಟಲು ಮುಟ್ಟಿದ್ದೇ ತಡ, ಕಷಾಯ ಮೂಗಿನಿಂದ ಹೊರಬಂತು. ಉಸಿರೆಳೆದರೆ ಸೀಟಿಯಂಥ ಸದ್ದು.

ಸುವರ್ಣಾಳ ಕಣ್ಣು ಮೇಜಿನ ಮೇಲೆ ತೆರೆದಿದ್ದ ಪಾಠದತ್ತ ಹೋಯಿತು. ವಾಷಿಂಗ್ಟನ್ ಸತ್ತದ್ದೂ ಹೀಗೇ. ಬೆಳಿಗ್ಗೆ ಗಂಟಲು ಕಟ್ಟಿತ್ತು, ಕುಡಿಸಿದ ಔಷಧ ಇಳಿಯದೆ ಉಸಿರುಗಟ್ಟಿತ್ತು. ವೈದ್ಯರು ಮತ್ತೆ ಮತ್ತೆ ರಕ್ತ ತೆಗೆದರು. ಕತ್ತಿನಲ್ಲಿ ಉಸಿರಿಗೊಂದು ದಾರಿ ಕೊರೆಯೋಣವೆಂದ ಕಿರಿಯ ವೈದ್ಯನ ಮಾತು ನಡೆಯಲಿಲ್ಲ. ಅದೇ ದಿನ ಪ್ರಾಣ ಹೋಯಿತು.

"ಇನ್ನೊಂದ್ ಗುಟುಕು..."

"ಬ್ಯಾಡ್ರಿ ಅತ್ತಿ! ಏನೂ ಕುಡಿಸಬ್ಯಾಡ್ರಿ. ದವಾಖಾನಿಗೆ ನಡೀರಿ, ಈಗಿಂದೀಗ!"

ಆಟೋ ಸಿಗ್ನಲ್ಲಿನಲ್ಲಿ ಸಿಕ್ಕಿಬಿತ್ತು. ವೈಭವನ ತುಟಿ ನೀಲಿಗಟ್ಟುತ್ತಿತ್ತು. ಸುವರ್ಣಾ ಅವನ ಒಂದೊಂದು ಉಸಿರಿಗೂ ಕಿವಿಗೊಟ್ಟಳು. ಇದೇ ಕೊನೆಯದಾದರೆ?

"ಅನ್ನಾ, ತೊಂದರಗಾ!" ಎಂದು ಬೇಗ ಹೋಗುವಂತೆ ತೆಲುಗಿನಲ್ಲಿ ಕಿರುಚಿದಳು. ಚಾಲಕ ತಿರುಗಿ ನೋಡಿದವನೇ ಹಾರ್ನ್ ಒತ್ತಿ ಹಿಡಿದು ಗಲ್ಲಿಗೆ ನುಗ್ಗಿಸಿದ.

ಆಸ್ಪತ್ರೆಯಲ್ಲಿ ಅವನನ್ನು ಒಳಗೊಯ್ದು ಬಾಗಿಲು ಹಾಕಿದರು. ಬೆಂಚಿನ ಮೇಲೆ ಕೂತ ಶಾರದಾಬಾಯಿ ಸೊಸೆಯತ್ತ ತಿರುಗಿದರು. "ನಾನ ಕುಡಿಸಿದ್ನಲ್ಲವಾ... ಕುಡಿಸಬಾರದಂತ ನಿನಗ ಹೆಂಗ ಗೊತ್ತಾತು?"

ಸುಮ್ಮನಿದ್ದರೆ ಬಾಗಿಲಾಚೆಯ ಮೌನ ಕೇಳಿಸೀತೆಂಬ ಭಯಕ್ಕೆ ಸುವರ್ಣಾ ವಾಷಿಂಗ್ಟನ್ನನ ಸಾವನ್ನೂ ಬದುಕನ್ನೂ ಹೇಳತೊಡಗಿದಳು. ದಂಡು ನಡೆಸಿದವನು, ಅಮೆರಿಕದ ಮೊದಲ ಅಧ್ಯಕ್ಷ, ಎರಡು ಅವಧಿ ಸಾಕೆಂದು ತಾನಾಗಿ ಅಧಿಕಾರ ಬಿಟ್ಟು ತನ್ನ ಹೊಲಕ್ಕೆ ಮರಳಿದವನು. ಅಲ್ಲಿ ದುಡಿಯುತ್ತಿದ್ದ ತನ್ನ ಗುಲಾಮರ ಬಿಡುಗಡೆಯನ್ನು ಮಾತ್ರ ಹೆಂಡತಿ ಸತ್ತ ಮೇಲಕ್ಕೆ ಬರೆದಿಟ್ಟ.

"ಅಂದ್ರ ಆಕಿ ಸಾವಿನ ದಾರಿ ಕಾಯಬೇಕಿತ್ತೇನು ಅವರು?"

"ಹೌದ್ರಿ. ಆಕಿಗೂ ಅಂಜಿಕಿ ಹತ್ತಿತ್ತಂತ. ತಾ ಬದುಕಿದ್ದಾಗನ ಅವರನ್ನ ಬಿಟ್ಟಬಿಟ್ಲು."

ಶಾರದಾಬಾಯಿ ಸೊಸೆಯ ಕೈ ಗಟ್ಟಿಯಾಗಿ ಹಿಡಿದರು. ಇಬ್ಬರ ಅಂಗೈಯೂ ತಣ್ಣಗಿತ್ತು.

ಬಾಗಿಲು ತೆರೆಯಿತು. ಉಸಿರಿನ ದಾರಿ ಇನ್ನೇನು ಮುಚ್ಚಿಹೋಗುತ್ತಿತ್ತು, ಗಂಟಲಿಗೆ ನಳಿಕೆ ಹಾಕಿದ್ದೇವೆ, ಅಪಾಯ ದಾಟಿತು ಎಂದರು ಡಾಕ್ಟರು. ಒಳಗೆ ವೈಭವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಸುವರ್ಣಾ ಮಂಚದ ಕಂಬಿ ಹಿಡಿದು ಅಲ್ಲೇ ಕುಸಿದು ಕೂತು ಬಿಕ್ಕಿದಳು.